ದೊಡ್ಡಸ್ವಾಮಿಯವರ ಒಕ್ಕಲು

ಯೆಹೂದ್ಯರು ಎಂದೊಡನೆ ನಮ್ಮ ಪಟ್ಟಣಿಗರ ಕಣ್ಣಿಗೆ ಕಟ್ಟುವುದು ವ್ಯಾಪಾರ, ಲೇವಾದೇವಿ, ವಿಜ್ಞಾನ, ಪಿಟೀಲು. ಕ್ರೈಸ್ತರು ಎಂದೊಡನೆ ಕಟ್ಟುವುದು ಶಾಲೆ, ಆಸ್ಪತ್ರೆ, ದಂಡಿನ ಪ್ರದೇಶದ ಎತ್ತರದ ಗೋಪುರ. ಎರಡು ಚಿತ್ರಗಳಲ್ಲಿಯೂ ನೇಗಿಲಿಲ್ಲ, ಕಣವಿಲ್ಲ, ಕೊಟ್ಟಿಗೆಯ ಗೊಬ್ಬರದ ವಾಸನೆಯಿಲ್ಲ. ಆದರೆ ಈ ಎರಡು ಮತಗಳ ಜನರಲ್ಲಿಯೂ ಮಣ್ಣನ್ನೇ ನಂಬಿ, ಹತ್ತಾರು ಮನೆ ಒಂದಾಗಿ, ತಮ್ಮದೇ ಒಂದು ಹಳ್ಳಿ ಕಟ್ಟಿಕೊಂಡು ಬಾಳಿದವರಿದ್ದಾರೆ. ಅಂಥ ಹಳ್ಳಿಯೊಂದರ ಕಥೆ ನಮ್ಮ ಹಾಸನ ಜಿಲ್ಲೆಯಲ್ಲಿಯೇ, ಆಲೂರು–ಸಕಲೇಶಪುರದ ಗುಡ್ಡಗಳಿಂದ ಹೇಮಾವತಿ ಇಳಿದು ಬರುವ ಸೀಮೆಯಲ್ಲಿಯೇ ಇದೆ ಎಂದರೆ ನಿಮಗೆ ಅಚ್ಚರಿಯಾಗಬಹುದು.

ಮೊದಲು ನೆಲವನ್ನು ನೋಡೋಣ. ಹೇಮಾವತಿ ಮೂಡಿಗೆರೆ ಸೀಮೆಯ ಬಲ್ಲಾಳರಾಯನ ದುರ್ಗದ ಬಳಿ ಹುಟ್ಟುತ್ತಾಳೆ. ಸಕಲೇಶಪುರದ ಮಗ್ಗುಲಲ್ಲಿ ಹಾದು, ಮೂಡಲಿಗೆ ತಿರುಗಿ, ಗೊರೂರಿನ ಕಡೆಗೆ ಬರುತ್ತಾಳೆ. ಈ ಸ್ವಲ್ಪ ದೂರದಲ್ಲಿಯೇ ಮೂರು ಬಗೆಯ ಬೇಸಾಯ ಕಾಣುತ್ತದೆ. ಸಕಲೇಶಪುರದಲ್ಲಿ ಏಲಕ್ಕಿ, ಮೆಣಸು, ಕಾಫಿ. ಕಣಿವೆಯ ತಳದಲ್ಲಿ ಬತ್ತ. ಹಾಸನದ ಬಯಲಿನಲ್ಲಿ ರಾಗಿ, ಹುರುಳಿ, ಅವರೆ. ಇವೆರಡರ ನಡುವೆ ಆಲೂರು: ಅತ್ತ ಮಲೆನಾಡೂ ಅಲ್ಲ, ಇತ್ತ ಬಯಲೂ ಅಲ್ಲ. ಸಕಲೇಶಪುರದಲ್ಲಿ ಬೀಳುವ ಮಳೆ ಹಾಸನದ ಮಳೆಯ ಎರಡು ಪಟ್ಟಿಗೂ ಮಿಗಿಲು. ಒಂದೇ ಬೆಳೆಯನ್ನು ನಂಬಿ ಕೂರಲಾಗದ, ಆದರೆ ದುಡಿದವನನ್ನು ಸಾಮಾನ್ಯವಾಗಿ ಕೈಬಿಡದ ನೆಲ ಇದು. ಹೊಸದಾಗಿ ಒಕ್ಕಲು ಹೂಡುವವರಿಗೆ ಇಂಥ ಸೀಮೆಯೇ ಮೇಲು.

ಇಲ್ಲಿ ಒಕ್ಕಲು ಹೂಡಿಸಿದವರು ಫ್ರಾನ್ಸಿನ ಪಾದ್ರಿ ಜ್ಯಾಂ ಆಂತ್ವಾನ್ ದ್ಯುಬ್ವಾ. ನಮ್ಮಲ್ಲಿ ಇಂಗ್ಲಿಷು ಓದಿದವರು ‘ಅಬ್ಬೆ ಡುಬಾಯ್’ ಎಂದು ಹೇಳುವುದೇ ರೂಢಿಯಾಗಿದೆ. ಹಿಂದೂಗಳ ಆಚಾರ ವ್ಯವಹಾರಗಳನ್ನು ಕುರಿತ ಅವರ ದಪ್ಪ ಪುಸ್ತಕವನ್ನು ನೀವು ಓದಿರದಿದ್ದರೂ ಅದರ ಹೆಸರನ್ನು ಕೇಳಿರುತ್ತೀರಿ. ಆದರೆ ಆ ಪುಸ್ತಕದ ನೆರಳಿನಲ್ಲಿ ಅವರ ಇನ್ನೊಂದು ಕೆಲಸ ಮರೆಯಾಗಿಬಿಟ್ಟಿದೆ. ಹಾಸನದ ಬಳಿಯ ಒಂದು ಹಳ್ಳಿಯಲ್ಲಿ, ಹಳೆಯ ಇಂಗ್ಲಿಷ್ ಗ್ರಂಥಗಳು ತಮ್ಮ ಕಿವಿಗೆ ಬಿದ್ದಂತೆ ‘ಸತ್‌ಹಳ್ಳಿ’ ಎಂದು ಬರೆಯುವ ಊರಿನಲ್ಲಿ, ಅವರು ಕ್ರೈಸ್ತ ಬೇಸಾಯಗಾರರ ಒಂದು ನೆಲೆಯನ್ನು ನಿಲ್ಲಿಸಿದರು.

ದ್ಯುಬ್ವಾ ಹುಟ್ಟಿದ್ದು 1766ರ ಸುಮಾರಿಗೆ, ಫ್ರಾನ್ಸಿನ ತೆಂಕಲ ಭಾಗದ ಆರ್ದೆಶ್ ಎಂಬ ಗುಡ್ಡಗಾಡಿನಲ್ಲಿ. 1792ರಲ್ಲಿ ದೀಕ್ಷೆ ಪಡೆದರು. ಅಲ್ಲಿ ಆಗ ಮಹಾಕ್ರಾಂತಿಯ ಕಾಲ; ಪಾದ್ರಿಗಳ ತಲೆಗಳು ಉರುಳುತ್ತಿದ್ದವು. ಅದೇ ವರ್ಷ ಅವರು ಪ್ಯಾರಿಸಿನ ವಿದೇಶ ಪ್ರೇಷಿತ ಸಂಘದ ಮೂಲಕ ಹಡಗು ಹತ್ತಿ ನಮ್ಮ ಕಡೆಗೆ ಬಂದರು. ಮೊದಲ ಕೆಲವು ವರ್ಷ ತಮಿಳು ಸೀಮೆಯಲ್ಲಿ ಇದ್ದು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿಗೆ ಬಂದರು. ಅದಕ್ಕೆ ಕಾರಣವಿತ್ತು. 1784ರಲ್ಲಿ ಟಿಪ್ಪು ಸುಲ್ತಾನನು ಕೆನರಾದ ಕ್ರೈಸ್ತರನ್ನು ಸೆರೆಹಿಡಿಸಿ ಘಟ್ಟದ ಮೇಲಕ್ಕೆ ಸಾಗಿಸಿದ್ದ. ಸೆರೆಯಿಂದ ಬಿಡುಗಡೆಯಾದವರು, ಮನೆ ಮಾರು ಕಳೆದುಕೊಂಡವರು, ಊರಿಗೆ ಹಿಂತಿರುಗಲು ದಾರಿ ಕಾಣದವರು, ಇವರಲ್ಲದೆ ಮೊದಲಿನಿಂದಲೂ ಮೈಸೂರು ಸೀಮೆಯಲ್ಲಿಯೇ ಇದ್ದ ಕನ್ನಡ ಕ್ರೈಸ್ತರು, ಎಲ್ಲರೂ ಚೆಲ್ಲಾಪಿಲ್ಲಿಯಾಗಿದ್ದರು. ಅವರನ್ನು ಒಂದುಗೂಡಿಸುವ ಕೆಲಸ ದ್ಯುಬ್ವಾ ಅವರ ಪಾಲಿಗೆ ಬಂತು.

ಮೈಸೂರು ಸೀಮೆಗೆ ಕ್ರೈಸ್ತ ಮತ ಇಂಗ್ಲಿಷರ ಜೊತೆಗೆ ಬಂತೆಂದು ತಿಳಿದವರು ಬಹಳ. ಅದು ಸರಿಯಲ್ಲ. ಇಟಲಿಯ ಜೆಸುಯಿಟ್ ಪಾದ್ರಿ ಲಿಯೊನಾರ್ದೊ ಚಿನ್ನಾಮಿ ಶ್ರೀರಂಗಪಟ್ಟಣಕ್ಕೆ ಬಂದದ್ದು ಹದಿನೇಳನೆಯ ಶತಮಾನದ ನಡುವಿನಲ್ಲಿ, ಮೈಸೂರಿನ ಅರಸರ ಆಳ್ವಿಕೆಯಲ್ಲಿ. ಆತ ಕನ್ನಡ ಕಲಿತು ವ್ಯಾಕರಣವನ್ನೂ ಬರೆದವನು. 1773ರಲ್ಲಿ ಪೋಪರು ಜೆಸುಯಿಟ್ ಸಂಘವನ್ನೇ ಮುಚ್ಚಿಸಿದಾಗ ಈ ಹಳ್ಳಿಗಳು ಪ್ಯಾರಿಸಿನ ಸಂಘಕ್ಕೆ ವಹಿಸಲ್ಪಟ್ಟವು. ಹೀಗೆ ಇಟಲಿಯವರು ಬಿತ್ತಿದ ಹೊಲಕ್ಕೆ ಫ್ರೆಂಚರು ಒಕ್ಕಲಾಗಿ ಬಂದರು.

ದ್ಯುಬ್ವಾ ಅವರ ನಡೆನುಡಿಯೇ ಒಂದು ಬಗೆ. ಅವರು ಬಿಳಿಯ ನಿಲುವಂಗಿ ತೊಟ್ಟು, ತಲೆಗೆ ರುಮಾಲು ಸುತ್ತಿ, ಕೈಯಲ್ಲಿ ಬಿದಿರು ಕೋಲು ಹಿಡಿದು ತಿರುಗುತ್ತಿದ್ದರು. ಟಿಪ್ಪುವಿನ ಪತನದ ಕಾಲದಲ್ಲಿ ಇಲ್ಲಿದ್ದ ಚಿತ್ರಕಾರ ಥಾಮಸ್ ಹಿಕ್ಕಿ ಬರೆದ ಅವರ ಚಿತ್ರ ಮದರಾಸಿನ ಲಿಟರರಿ ಸೊಸೈಟಿಗೆ ಸೇರಿತು. ಅದರಲ್ಲಿ ಈ ವೇಷವನ್ನು ನೋಡಬಹುದು. ತಾವು ಜನರ ಉಡುಪು, ಊಟ, ನಡಾವಳಿಗಳನ್ನು, ಅಷ್ಟೇಕೆ, ಅವರ ಪೂರ್ವಗ್ರಹಗಳನ್ನು ಕೂಡ ಒಪ್ಪಿಕೊಂಡು ಬಾಳಿದುದಾಗಿ ಅವರೇ ಬರೆದಿದ್ದಾರೆ. ಜನ ಅವರನ್ನು ಕರೆದದ್ದು ‘ದೊಡ್ಡಸ್ವಾಮಿಯವರು’ ಎಂದು. ಅವರು ಹೋಗಿ ಎಪ್ಪತ್ತು ವರ್ಷಗಳಾದ ಮೇಲೆಯೂ, 1897ರಲ್ಲಿ ಅವರ ಪುಸ್ತಕವನ್ನು ಹೊಸದಾಗಿ ಹೊರತಂದ ಬೋಷಾಂ ಎಂಬ ವಿದ್ವಾಂಸರು ಮೈಸೂರಿನ ಹಳಬರ ಬಾಯಲ್ಲಿ ಆ ಹೆಸರನ್ನು ಇನ್ನೂ ಕೇಳಬಹುದಾಗಿತ್ತೆಂದು ದಾಖಲಿಸಿದ್ದಾರೆ. ನಮ್ಮ ಹಳ್ಳಿಗರು ಪರದೇಶಿಯೊಬ್ಬನನ್ನು ‘ಸ್ವಾಮಿಯವರು’ ಎನ್ನುವುದು ಸುಲಭದ ಮಾತಲ್ಲ.

ಬೇಸಾಯದ ನೆಲೆಯನ್ನೇ ಏಕೆ ಆರಿಸಿಕೊಂಡರು? ಯೋಚಿಸಿ ನೋಡಿ. ಹಳ್ಳಿಯಲ್ಲಿ ಒಬ್ಬ ಮತ ಬದಲಾಯಿಸಿದರೆ ಅವನು ಕಳೆದುಕೊಳ್ಳುವುದು ದೇವರೊಬ್ಬನನ್ನೇ ಅಲ್ಲ. ಮುಯ್ಯಾಳು ಹೋಗುತ್ತದೆ. ಬಿತ್ತನೆಗೆ ಬೀಜ ಕಡ ಕೊಡುವವರು ಹಿಂದೆ ಸರಿಯುತ್ತಾರೆ. ಬಾವಿಯ ಮೆಟ್ಟಿಲು ದೂರವಾಗುತ್ತದೆ, ಹೆಣ್ಣು ಕೊಡುವ ಮನೆಗಳು ಮುಚ್ಚಿಕೊಳ್ಳುತ್ತವೆ. ಕ್ಷೌರಿಕ, ಮಡಿವಾಳ, ಕಮ್ಮಾರ ಇವರಿಗೆ ಸಲ್ಲುವ ಆಯದ ಲೆಕ್ಕದಲ್ಲಿ ಅವನ ಮನೆಯ ಹೆಸರೇ ಬಿಟ್ಟುಹೋಗುತ್ತದೆ. ಒಂಟಿ ಮನೆ ಇದನ್ನು ತಾಳಲಾರದು. ಹತ್ತಾರು ಮನೆ ಒಂದೆಡೆ ಕೂಡಿದರೆ ಮುಯ್ಯಾಳು ಅಲ್ಲಿಯೇ ಸಿಗುತ್ತದೆ, ಮದುವೆಯ ಮಾತುಕತೆ ಅಲ್ಲಿಯೇ ನಡೆಯುತ್ತದೆ, ಕಮ್ಮಾರನೂ ಹುಡುಕಿಕೊಂಡು ಬರುತ್ತಾನೆ. ದ್ಯುಬ್ವಾ ಅವರಿಗೆ ಜಾತಿಯ ಕಟ್ಟು ಹೇಗೆ ಕೆಲಸ ಮಾಡುತ್ತದೆಂಬುದು ಚೆನ್ನಾಗಿ ಗೊತ್ತಿತ್ತು. ಅವರ ಪುಸ್ತಕದ ಬಹುಭಾಗ ಅದನ್ನು ಕುರಿತದ್ದೇ. ಬಹಿಷ್ಕಾರಕ್ಕೆ ಉಪದೇಶ ಮದ್ದಲ್ಲ, ನೆಲವೇ ಮದ್ದು ಎಂಬುದನ್ನು ಅವರು ಕಂಡುಕೊಂಡಿದ್ದರೆಂದು ನನಗೆ ತೋರುತ್ತದೆ.

ಇದೇ ಉಪಾಯವನ್ನು ಅದೇ ಕಾಲದಲ್ಲಿ ಬಹು ದೂರದ ಇನ್ನೊಂದು ದೇಶ ಮಾಡಿನೋಡುತ್ತಿತ್ತು. ರಷ್ಯದ ಚಕ್ರವರ್ತಿ ಒಂದನೆಯ ಅಲೆಕ್ಸಾಂಡರನು 1804ರ ಶಾಸನದಲ್ಲಿ ಯೆಹೂದ್ಯರಿಗೆ ಬೇಸಾಯಕ್ಕೆ ನೆಲ ಪಡೆಯಲು ಅವಕಾಶ ಕೊಟ್ಟ. 1807ರಿಂದ ಕಪ್ಪು ಸಮುದ್ರದ ಬಡಗಲ ಹೆರ್ಸಾನ್ ಪ್ರಾಂತದ ಹುಲ್ಲುಗಾವಲಿನಲ್ಲಿ ಯೆಹೂದ್ಯ ರೈತರ ಹಳ್ಳಿಗಳು ಎದ್ದವು. ಹಿಂದೆ ನೆಲವನ್ನೇ ಕಾಣದಿದ್ದ ದರ್ಜಿಗಳೂ ಹೆಂಡದ ಅಂಗಡಿಯವರೂ ನೇಗಿಲು ಹಿಡಿದರು. ಚಳಿಗೆ, ರೋಗಕ್ಕೆ, ಅನನುಭವಕ್ಕೆ ಬಹಳ ಮಂದಿ ಮೊದಲ ವರ್ಷಗಳಲ್ಲಿಯೇ ಸತ್ತರು. ಉಳಿದವರು ಒಳ್ಳೆಯ ರೈತರಾದರು. ಆ ಹಳ್ಳಿಗಳನ್ನು 1941ರಲ್ಲಿ ನಾಜಿ ಸೈನ್ಯ ನಾಶಮಾಡಿತು. 1889ರಲ್ಲಿ ರಷ್ಯದ ಇನ್ನೊಂದು ಗುಂಪು ಹಡಗು ಹತ್ತಿ ದಕ್ಷಿಣ ಅಮೆರಿಕದ ಅರ್ಜೆಂಟೀನಕ್ಕೆ ಹೋಗಿ ಮೊಯಿಸೆಸ್ ವಿಲ್ಯ, ಎಂದರೆ ಮೋಶೆಯ ಊರು, ಎಂಬ ಹಳ್ಳಿಯನ್ನು ಕಟ್ಟಿತು. ಗೋದಿ ಬೆಳೆಯುತ್ತ, ಕುದುರೆಯೇರಿ ದನ ಕಾಯುತ್ತ, ಶನಿವಾರ ಮಾತ್ರ ಕೆಲಸ ಮುಟ್ಟದೆ ಅವರು ಬಾಳಿದರು.

ಶನಿವಾರದ ಮಾತು ಬಂದದ್ದರಿಂದ ಹತ್ತಿರದ ಒಂದು ಸಂಗತಿಯನ್ನೂ ಹೇಳಿಬಿಡಬೇಕು. ನಮ್ಮ ಪಕ್ಕದ ಕೊಂಕಣ ತೀರದ ಹಳ್ಳಿಗಳಲ್ಲಿ ಬೆನೆ ಇಸ್ರೇಲ್ ಎಂಬ ಯೆಹೂದ್ಯರು ತಲೆತಲಾಂತರದಿಂದ ಗಾಣ ಆಡುತ್ತಿದ್ದರು. ಸುತ್ತಲಿನ ಮರಾಠಿ ಜನ ಅವರನ್ನು ‘ಶನಿವಾರ ತೇಲಿ’ ಎನ್ನುತ್ತಿದ್ದರು: ಶನಿವಾರ ಗಾಣ ಕಟ್ಟದ ಗಾಣಿಗರು. ಇನ್ನು ಮಂಗಳೂರಿನ ವಿಷಯ. ಹನ್ನೆರಡನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದ್ಯ ವರ್ತಕ ಅಲ್ಲಿ ವರ್ಷಗಟ್ಟಲೆ ನೆಲೆಸಿ, ಕಂಚಿನ ಕೆಲಸದ ಕಮ್ಮಟವನ್ನಿಟ್ಟುಕೊಂಡು, ಮೆಣಸು, ಏಲಕ್ಕಿ, ಅಡಕೆ, ಕಬ್ಬಿಣಗಳನ್ನು ಏಡನ್ ಬಂದರಿಗೆ ಕಳಿಸುತ್ತಿದ್ದ. ಅವನ ಕಾಗದಗಳು ಕೈರೋ ನಗರದ ಹಳೆಯ ಸಿನಗಾಗಿನ ಕೋಣೆಯೊಂದರಲ್ಲಿ ಸಿಕ್ಕಿವೆ. ಘಟ್ಟದ ಮೇಲೆ ಆಗ ಹೊಯ್ಸಳ ವಿಷ್ಣುವರ್ಧನನ ಕಾಲ. ಅಲ್ಲಿನ ಮೆಣಸಿನ ಬಳ್ಳಿಗೂ ನೈಲ್ ನದಿಯ ತೀರದ ಲೆಕ್ಕದ ಪುಸ್ತಕಕ್ಕೂ ಅಂದಿನಿಂದ ನಂಟಿದೆ.

ಮತ್ತೆ ನಮ್ಮ ಹಳ್ಳಿಗೆ ಬರೋಣ. ಅಲ್ಲಿನ ಪರಂಪರೆ ಎಂದರೆ ಏನು ಎಂದು ಕೇಳಿದರೆ ನಾನು ಮೊದಲು ತೋರಿಸುವುದು ಕಟ್ಟಡವನ್ನಲ್ಲ, ಹೆಸರುಗಳನ್ನು. ಹಳೆಯ ಮೈಸೂರು ಸೀಮೆಯ ಕ್ರೈಸ್ತ ಒಕ್ಕಲುಗಳಲ್ಲಿ ನೀವು ಕೇಳುವ ಹೆಸರುಗಳು ಅರುಳಪ್ಪ, ಚಿನ್ನಪ್ಪ, ರಾಯಪ್ಪ, ಯಾಗಪ್ಪ, ಚೌರಪ್ಪ, ಇನ್ನಾಸಪ್ಪ, ಅಂತೋಣಪ್ಪ, ಮರಿಯಮ್ಮ. ಮೊದಲ ಬಾರಿಗೆ ಕೇಳಿದವರಿಗೆ ಇವು ನಮ್ಮೂರ ಗೌಡರ ಹೆಸರುಗಳಂತೆಯೇ ಕಾಣುತ್ತವೆ. ಬಿಡಿಸಿ ನೋಡಿದರೆ ಬಹಳ ಸ್ವಾರಸ್ಯವಿದೆ. ಹೀಬ್ರೂ ಭಾಷೆಯಲ್ಲಿ ಯೋಹಾನಾನ್ ಎಂದರೆ ‘ದೇವರು ಕೃಪೆ ತೋರಿದ್ದಾನೆ’ ಎಂದರ್ಥ. ತಮಿಳಿನಲ್ಲಿ ಕೃಪೆಗೆ ಅರುಳ್. ಹಳೆಯ ಪಾದ್ರಿಗಳು ಆ ಅರ್ಥವನ್ನು ಹಿಡಿದು ಯೋಹಾನನನ್ನು ಅರುಳಪ್ಪನನ್ನಾಗಿ ಮಾಡಿದರು. ಪೌಲುಸ್ ಎಂದರೆ ಲ್ಯಾಟಿನ್ನಿನಲ್ಲಿ ‘ಸಣ್ಣವನು’; ಆದ್ದರಿಂದ ಆತ ಚಿನ್ನಪ್ಪ, ಎಂದರೆ ಚಿಕ್ಕಪ್ಪ. ಇಲ್ಲಿ ಚಿನ್ನವೆಂದರೆ ಬಂಗಾರವಲ್ಲ ಎಂಬುದನ್ನು ಗಮನಿಸಿ. ಯಾಕೋಬ ಯಾಗಪ್ಪನಾದ. ಜೇವಿಯರ್ ಸಂತ ಸವೇರಿಯಾಗಿ, ಸವರಿಯಾಗಿ, ಕೊನೆಗೆ ಚೌರಪ್ಪನಾದ. ಇಗ್ನಾಸಿಯುಸ್ ಇನ್ನಾಸಪ್ಪನಾದ. ಯೆಹೂದ್ಯರ ಹೆಸರುಗಳು ಗ್ರೀಕಿನ ಮೇಲೆ, ಲ್ಯಾಟಿನ್ನಿನ ಮೇಲೆ, ತಮಿಳಿನ ಮೇಲೆ ಹಾದು ನಮ್ಮ ರಾಗಿಯ ಹೊಲಕ್ಕೆ ಬಂದು, ಕೊನೆಗೆ ಒಂದು ‘ಅಪ್ಪ’ವನ್ನು ಅಂಟಿಸಿಕೊಂಡು ಕನ್ನಡದ ಒಕ್ಕಲಾಗಿ ಕುಳಿತಿವೆ. ಬೇಕೆಂದರೂ ಯಾವ ವಿದ್ವಾಂಸನೂ ಕೂತು ಮಾಡಲಾರದ ಕೆಲಸ ಇದು.

ಇನ್ನೊಂದು ಸಂಗತಿ. ಹಳ್ಳಿಯ ಜನ ಕೇಳುತ್ತಿದ್ದ ಶಾಸ್ತ್ರದ ಕಥೆಗಳು ಅವರಿಗೆ ಪರಕೀಯವಾಗಿ ಕಾಣಲು ಕಾರಣವಿರಲಿಲ್ಲ. ಬೈಬಲಿನ ಹಳೆಯ ಒಡಂಬಡಿಕೆ ಬಹುಮಟ್ಟಿಗೆ ದನಗಾಹಿಗಳ, ರೈತರ ಪುಸ್ತಕ. ಹೊಲದ ಅಂಚಿನ ತೆನೆಯನ್ನು ಕೊಯ್ಯದೆ ಬಡವರಿಗೆ ಬಿಡಬೇಕು, ಬಿದ್ದ ತೆನೆಯನ್ನು ಆಯ್ದುಕೊಳ್ಳಬಾರದು ಎಂದು ಅದರ ಕಟ್ಟಳೆ. ಅತ್ತೆಯನ್ನು ಸಾಕಲು ಪರರ ಹೊಲದಲ್ಲಿ ಹಕ್ಕಲು ಆಯುವ ರೂತಳ ಕಥೆ ಹುಟ್ಟಿದ್ದು ಅಲ್ಲಿಯೇ. ಹಕ್ಕಲಾಯುವುದು ಎಂಬ ಮಾತು ಕನ್ನಡದಲ್ಲಿ ಆಗಲೇ ಇತ್ತು; ಕಣದಲ್ಲಿ ರಾಶಿಯ ಮುಂದೆ ಬಂದು ನಿಂತವರನ್ನು ಬರಿಗೈಯಲ್ಲಿ ಕಳಿಸಬಾರದೆಂಬ ನಡಾವಳಿಯೂ ಇತ್ತು. ಪೂಜೆಯ ಮಂತ್ರ ಮಾತ್ರ ಲ್ಯಾಟಿನ್. ವ್ಯಾಟಿಕನ್ನಿನ ಎರಡನೆಯ ಮಹಾಸಭೆ, 1962ರಿಂದ 1965ರವರೆಗೆ ನಡೆದದ್ದು, ಆಯಾ ದೇಶದ ಭಾಷೆಗೆ ಬಾಗಿಲು ತೆರೆಯುವ ತನಕ ಬಲಿಪೂಜೆ ಆ ಭಾಷೆಯಲ್ಲಿಯೇ ನಡೆಯಿತು. ಆದರೆ ಜಪ, ಉಪದೇಶ, ಪಾಪನಿವೇದನೆ, ಮನೆಯ ಮಾತು ಎಲ್ಲವೂ ಕನ್ನಡವೇ. ಮೈಸೂರಿನ ಬಿಷಪ್ಪರಾಗಿದ್ದ ಶಾರ್ಬೊನೊ ಅವರು 1861ರಲ್ಲಿ ಬೆಂಗಳೂರಿನಲ್ಲಿ ಲ್ಯಾಟಿನ್–ಕನ್ನಡ ನಿಘಂಟನ್ನು ಅಚ್ಚುಹಾಕಿಸಿದ್ದು ಈ ಎರಡು ಭಾಷೆಗಳ ನಡುವೆ ದಿನವೂ ಓಡಾಡಬೇಕಾಗಿದ್ದ ಪಾದ್ರಿಗಳ ಅವಸರಕ್ಕೆ.

ದೊಡ್ಡಸ್ವಾಮಿಯವರ ಇನ್ನೊಂದು ಕೆಲಸವನ್ನು ಹೇಳದೆ ಮುಂದೆ ಹೋಗಲಾಗದು. ಸಿಡುಬನ್ನು ನಮ್ಮ ಹಿರಿಯರು ಹೆಸರಿಟ್ಟು ಕರೆಯುತ್ತಿರಲಿಲ್ಲ, ‘ಅಮ್ಮ’ ಎನ್ನುತ್ತಿದ್ದರು. ಇಂಗ್ಲೆಂಡಿನ ಜೆನ್ನರ್ ಹಸುವಿನ ಸಿಡುಬಿನಿಂದ ಚುಚ್ಚುವ ವಿಧಾನವನ್ನು ಪ್ರಯೋಗಿಸಿದ್ದು 1796ರಲ್ಲಿ. ಆ ಮದ್ದು ಬಾಗ್ದಾದು, ಬಸ್ರಾಗಳ ದಾರಿಯಾಗಿ 1802ರ ಜೂನಿನಲ್ಲಿ ಮುಂಬಯಿಗೆ ಬಂತು.  ಶೀತಪೆಟ್ಟಿಗೆಗಳಿಲ್ಲದ ಕಾಲ, ಒಂದು ಮಗುವಿನ ತೋಳಿಗೆ ಚುಚ್ಚಿ, ಎಂಟನೆಯ ದಿನಕ್ಕೆ ಅಲ್ಲಿ ಎದ್ದ ಬೊಕ್ಕೆಯ ಕೀವನ್ನು ತೆಗೆದು ಇನ್ನೊಂದು ಮಗುವಿಗೆ ಚುಚ್ಚಬೇಕು. ಸರಪಳಿ ಒಂದು ಕಡೆ ಕಡಿದರೆ ಮದ್ದು ಅಲ್ಲಿಗೆ ಮುಗಿಯಿತು. ಮೈಲಿಗೆಯ ಎಣಿಕೆ ಇರುವ ಊರಿನಲ್ಲಿ ಯಾರ ಮಗುವಿನ ಕೀವನ್ನು ಯಾರ ಮಗುವಿಗೆ ಚುಚ್ಚುವುದು? ಇದನ್ನು ಜನರಿಗೆ ಒಪ್ಪಿಸುವ ಕೆಲಸ ಔಷಧಿಯ ಕೆಲಸಕ್ಕಿಂತ ದೊಡ್ಡದು. ದ್ಯುಬ್ವಾ ಹಳ್ಳಿಯಿಂದ ಹಳ್ಳಿಗೆ ತಿರುಗಿ ಅದನ್ನು ಮಾಡಿದರು. 1803–04ರಲ್ಲಿ ಅವರ ಲೆಕ್ಕಕ್ಕೆ ಬಂದವರೇ 25,000ಕ್ಕೂ ಹೆಚ್ಚು. ಆಗ ದಿವಾನ್ ಪೂರ್ಣಯ್ಯನವರ ಆಡಳಿತ. ಮುಮ್ಮಡಿ ಕೃಷ್ಣರಾಜ ಒಡೆಯರು ಇನ್ನೂ ಬಾಲಕರು. ‘ದೇವಿ ಹಾಕಿಸುವುದು’ ಎಂದು ನಮ್ಮ ತಾಯಂದಿರು ಕರೆಯುತ್ತಿದ್ದ ಆ ಚುಚ್ಚುಮದ್ದಿನ ಗುರುತು ಮನೆಯ ಹಿರಿಯರ ತೋಳಿನ ಮೇಲೆ ಇಂದಿಗೂ ಇರುತ್ತದೆ, ನೋಡಿ. 1980ರಲ್ಲಿ ಆ ರೋಗವೇ ಭೂಮಿಯಿಂದ ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು.

ಪುಸ್ತಕದ ವಿಚಾರ ಎರಡು ಮಾತು. ಮೈಸೂರಿನ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ ಅವರ ಮೂಲಕ ಹಸ್ತಪ್ರತಿ ಮದರಾಸು ಸರ್ಕಾರಕ್ಕೆ ಹೋಗಿ, 1807ರಲ್ಲಿ ಎರಡು ಸಾವಿರ ವರಹಕ್ಕೆ ಮಾರಾಟವಾಯಿತು. 1816ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅದರ ಬಹಳಷ್ಟು ಭಾಗ ಅವರಿಗಿಂತ ಹಿಂದೆ ದಕ್ಷಿಣದಲ್ಲಿದ್ದ ಜೆಸುಯಿಟ್ ಪಾದ್ರಿ ಕರ್ದೂ ಎಂಬಾತನ ಬರೆಹದಿಂದ ಬಂದದ್ದೆಂದು ಫ್ರಾನ್ಸಿನ ಸಂಶೋಧಕಿ ಸಿಲ್ವಿಯಾ ಮ್ಯೂರ್ 1987ರಲ್ಲಿ ತೋರಿಸಿಕೊಟ್ಟರು. ಗ್ರಂಥಕರ್ತನ ಕೀರ್ತಿಗೆ ಇದರಿಂದ ಕುಂದು ಬಂದಿದೆ, ಬರಲೇಬೇಕು. ಹಳ್ಳಿಯನ್ನು ಕಟ್ಟಿದವನ, ಚುಚ್ಚುಮದ್ದು ಹಾಕಿದವನ ಕೀರ್ತಿಗೆ ಬಂದಿಲ್ಲ. ಅವರ ಇನ್ನೊಂದು ಪುಸ್ತಕ ನಮಗೆ ಹೆಚ್ಚು ಪ್ರಿಯವಾಗಬೇಕಾದದ್ದು: 1826ರಲ್ಲಿ ಪ್ಯಾರಿಸಿನಲ್ಲಿ ಹೊರಬಂದ ಪಂಚತಂತ್ರದ ಫ್ರೆಂಚ್ ಅನುವಾದ. ಅದಕ್ಕೆ ಅವರು ಆಧಾರವಾಗಿಟ್ಟುಕೊಂಡ ಪ್ರತಿಗಳಲ್ಲಿ ತಮಿಳು, ತೆಲುಗುಗಳ ಜೊತೆಗೆ ಕನ್ನಡದ್ದೂ ಒಂದು.

ಇನ್ನೊಂದು ವಿಚಿತ್ರ. 1823ರಲ್ಲಿ, ಮೂವತ್ತು ವರ್ಷಗಳ ದುಡಿಮೆಯ ನಂತರ, ಅವರು ಫ್ರಾನ್ಸಿಗೆ ಹಿಂತಿರುಗಿದರು. ಅದೇ ವರ್ಷ ಪ್ರಕಟವಾದ ಪತ್ರಗಳಲ್ಲಿ ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವುದು ಆಗದ ಕೆಲಸ, ಆ ಪ್ರಯತ್ನ ನಿಷ್ಫಲ ಎಂದು ಖಡಾಖಂಡಿತವಾಗಿ ಬರೆದರು. ಇಂಗ್ಲೆಂಡಿನ ಮಿಷನರಿಗಳು ಕೆರಳಿ ಮರುವರ್ಷವೇ ಪುಸ್ತಕಗಳಲ್ಲಿ ಉತ್ತರ ಕೊಟ್ಟರು. ದ್ಯುಬ್ವಾ ಪ್ಯಾರಿಸಿನಲ್ಲಿ ತಮ್ಮ ಸಂಘದ ಹಿರಿಯರಾಗಿದ್ದು 1848ರಲ್ಲಿ ತೀರಿಕೊಂಡರು. ಫಲವಿಲ್ಲ ಎಂದು ಅವರು ಬರೆದ ಆ ದಿನಗಳಲ್ಲಿ, ಹಾಸನದ ಬಳಿಯ ಅವರ ಹಳ್ಳಿಯಲ್ಲಿ ಎರಡನೆಯ ತಲೆಮಾರಿನ ಹುಡುಗರು ಎತ್ತು ಹೊಡೆಯಲು ಕಲಿತಿರಬೇಕು. ಅವರು ಎಣಿಸಿದ್ದು ತಲೆಗಳ ಸಂಖ್ಯೆಯನ್ನು. ಆದ್ದರಿಂದ ಸೋಲು ಕಂಡಿತು.

ಅವರು ಹೋದ ಮೇಲೆ ಗುಡ್ಡಗಳ ಬಾಳೇ ಬದಲಾಯಿತು. 1843ರಲ್ಲಿ ಗ್ರೀನ್ ಎಂಬ ಇಂಗ್ಲಿಷರವನು ಮಂಜರಾಬಾದಿನಲ್ಲಿ, ಎಂದರೆ ಇಂದಿನ ಸಕಲೇಶಪುರದ ಸೀಮೆಯಲ್ಲಿ, ಕಾಫಿ ತೋಟ ಹಾಕಿದ. ಅವನ ಹಿಂದೆ ಹಲವರು ಬಂದರು. ಅವರಲ್ಲಿ ರಾಬರ್ಟ್ ಎಲಿಯಟ್ 1871ರಲ್ಲಿಯೂ 1894ರಲ್ಲಿಯೂ ತನ್ನ ತೋಟದ ಅನುಭವಗಳನ್ನು ಪುಸ್ತಕ ಮಾಡಿದ್ದಾನೆ. ತೋಟದ ಗುಮಾಸ್ತರಾಗಿ, ಮೇಸ್ತ್ರಿಗಳಾಗಿ, ಆಮೇಲೆ ಸ್ವಂತ ತೋಟದ ಯಜಮಾನರಾಗಿ ಮಂಗಳೂರಿನ ಕೊಂಕಣಿ ಮಾತಿನ ಕ್ರೈಸ್ತರೂ ಘಟ್ಟ ಹತ್ತಿದರು. ಹೀಗೆ ಒಂದೇ ಸೀಮೆಯಲ್ಲಿ, ಒಂದೇ ಮತದಲ್ಲಿ, ಎರಡು ಬಗೆಯ ಜನರಾದರು. ಮೇಲೆ ಕಾಫಿಯ ಕೊಂಕಣಿಗರು, ಕೆಳಗೆ ರಾಗಿ–ಬತ್ತದ ಕನ್ನಡಿಗರು.

1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಹೇಮಾವತಿಯ ದಡದ ಶೆಟ್ಟಿಹಳ್ಳಿಯಲ್ಲಿ ಜಪಮಾಲೆ ಮಾತೆಯ ಚರ್ಚನ್ನು ಕಟ್ಟಿದರು. ಚೂಪು ಕಮಾನು, ಎತ್ತರದ ಕಂಬ, ಅವರ ದೇಶದ ಗಾಥಿಕ್ ಮಾದರಿ. ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸಿದ್ದರೆಂದು ಹೇಳುತ್ತಾರೆ. ಇದನ್ನು ನೀವು ನೋಡಿರುತ್ತೀರಿ, ಕಡೆಗೆ ಚಿತ್ರದಲ್ಲಾದರೂ. ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಮುಗಿದು ಜಲಾಶಯ ತುಂಬಿದಾಗ ನೀರು ಈ ಗೋಡೆಗಳನ್ನು ಸುತ್ತುವರಿಯಿತು. ಅಂದಿನಿಂದ ಮಳೆಗಾಲದಲ್ಲಿ ಅರ್ಧ ಮುಳುಗಿ, ಬೇಸಗೆಯಲ್ಲಿ ಮೇಲೆದ್ದು, ಸೂರಿಲ್ಲದೆ ನಿಂತಿದೆ. ‘ಮುಳುಗುವ ಚರ್ಚು’ ಎಂದು ಅದಕ್ಕೆ ಹೆಸರು.

ಪ್ರವಾಸಿಗಳಿಗೆ ಹೇಳುವ ಕಥೆಯೊಂದಿದೆ: ಆಲೂರು, ಸಕಲೇಶಪುರಗಳ ಶ್ರೀಮಂತ ಬ್ರಿಟಿಷ್ ತೋಟದ ದೊರೆಗಳಿಗಾಗಿ ಇದನ್ನು ಕಟ್ಟಿದರು ಎಂದು. ಈ ಕಥೆ ಎಲ್ಲ ಕಡೆಯೂ ಅಚ್ಚಾಗುತ್ತದೆ. ನನಗೆ ಇದು ಪೂರ್ತಿ ಒಪ್ಪಿಗೆಯಿಲ್ಲ. ದೊರೆಗಳು ಇರಲಿಲ್ಲವೆಂದಲ್ಲ, ಅವರ ಹಣದ ನೆರವು ಇರಲಿಲ್ಲವೆಂದೂ ನಾನು ಹೇಳಲಾರೆ. ಆದರೆ ಬ್ರಿಟಿಷ್ ತೋಟಗಾರರಲ್ಲಿ ಹೆಚ್ಚಿನವರು ಪ್ರಾಟೆಸ್ಟಂಟರು. ರೋಮಿನ ಚರ್ಚಿನ ಫ್ರೆಂಚ್ ಪಾದ್ರಿಯ ಹತ್ತಿರ ಜಪಮಾಲೆ ಹಿಡಿದು ಬರುವವರಲ್ಲ. ತೋಟಗಳಿದ್ದದ್ದು ಪಡುವಲ ಗುಡ್ಡಗಳ ಮೇಲೆ. ಚರ್ಚು ನಿಂತದ್ದು ಮೂಡಲಿನ ಬೇಸಾಯದ ಹಳ್ಳಿಯಲ್ಲಿ. ಆ ಹೊತ್ತಿಗೆ ಸುತ್ತಮುತ್ತ ಫ್ರೆಂಚ್ ಪಾದ್ರಿಗಳ ಕನ್ನಡ ಒಕ್ಕಲುಗಳಿಗೆ ಅರ್ಧ ಶತಮಾನಕ್ಕೂ ಮೀರಿದ ಬಾಳಿತ್ತು. ಭಾನುವಾರ ಬೆಳಗ್ಗೆ ಆ ಕಮಾನುಗಳ ಕೆಳಗೆ ಮಂಡಿಯೂರಿದವರಲ್ಲಿ ಹೆಚ್ಚಿನವರು ಅರುಳಪ್ಪ, ಚೌರಪ್ಪಂದಿರೇ ಇದ್ದಿರಬೇಕು. ಕಥೆ ದೊರೆಗಳದ್ದಾದರೆ ಪಾಳು ಗೋಡೆ ಸೊಗಸಾಗಿ ಕಾಣುತ್ತದೆ. ಮಾಲೀಕರು ಊರಿಗೆ ಹೋದರು, ಮನೆ ಬಿದ್ದಿತು, ಅಷ್ಟೆ. ಕಥೆ ಒಕ್ಕಲುಗಳದ್ದಾದರೆ ಅವರು ಎಲ್ಲಿ ಹೋದರು ಎಂದು ಕೇಳಬೇಕಾಗುತ್ತದೆ.

ಅವರು ಎಲ್ಲಿಗೂ ಹೋಗಲಿಲ್ಲ. ಜಲಾಶಯದ ನೀರು ಹರಡಿದ್ದು ಸುಮಾರು 8,500 ಹೆಕ್ಟೇರು ನೆಲದ ಮೇಲೆ. ಅದು ಹಿಡಿದಿಡುವ ನೀರು ಸುಮಾರು 37 ಟಿ.ಎಂ.ಸಿ. ಹಾಸನದ ಬಯಲು, ಮಂಡ್ಯ, ತುಮಕೂರುಗಳ ಎಷ್ಟೋ ಹೊಲಗಳಿಗೆ ಅದರಿಂದ ನೀರುಂಟಾಯಿತು. ಅದನ್ನು ಕುಡಿಯುವವರೂ ಬಹಳ. ಆದರೆ ನದಿಯ ಮಗ್ಗುಲ ಗದ್ದೆಗಳು, ಹಲವು ಮತ, ಹಲವು ಜಾತಿಗಳ ಮನೆಗಳು ಅದರಡಿಗೆ ಹೋದವು. ಗೊರೂರು ರಾಮಸ್ವಾಮಿ ಅಯ್ಯಂಗಾರರು ‘ಹಳ್ಳಿಯ ಚಿತ್ರಗಳು’ ಬರೆದಾಗ ನೋಡಿದ್ದ ನದೀತೀರ ಇಂದಿಲ್ಲ. ಶೆಟ್ಟಿಹಳ್ಳಿಯ ಒಕ್ಕಲುಗಳು ದೂರದ ಎತ್ತರದ ನೆಲಕ್ಕೆ ಸರಿದು ಹೊಸ ಮನೆ ಕಟ್ಟಿಕೊಂಡರು. ಅಣೆಕಟ್ಟಿನ ಕೆಳಗಿನವರಿಗೆ ಲಾಭ, ಮೇಲಿನವರಿಗೆ ನಷ್ಟ ಎಂಬ ಲೆಕ್ಕದಲ್ಲಿ ಹೊಲದ ಬೆಲೆ ಕಟ್ಟಬಹುದು. ಸಮಾಧಿಯ ನೆಲಕ್ಕೆ ಬೆಲೆ ಕಟ್ಟುವುದು ಹೇಗೆ? ಸತ್ತವರನ್ನು ಹೂಳುವ ಜನಕ್ಕೆ ಊರು ಬಿಡುವುದೆಂದರೆ ಅಜ್ಜ ಅಜ್ಜಿಯರನ್ನೂ ಬಿಟ್ಟುಹೋಗುವುದು.

ಊರು ಬಿಟ್ಟವರು ಏನನ್ನು ಹೊತ್ತುಕೊಂಡು ಹೋಗುತ್ತಾರೆಂಬುದಕ್ಕೆ ಕೊಚ್ಚಿಯ ಯೆಹೂದ್ಯರನ್ನು ನೋಡಬೇಕು. ಶತಮಾನಗಟ್ಟಲೆ ಕೇರಳದಲ್ಲಿದ್ದ ಆ ಜನ 1954ರ ಸುಮಾರಿಗೆ ಹೆಚ್ಚು ಮಂದಿ ಇಸ್ರೇಲಿಗೆ ಹೊರಟರು. ಹಿಂದೆ ಸಣ್ಣ ವ್ಯಾಪಾರ ಮಾಡುತ್ತಿದ್ದವರನ್ನು ಅಲ್ಲಿ ರೈತರ ಹಳ್ಳಿಗಳಿಗೆ ಕಳಿಸಲಾಯಿತು. ಬೀರ್‌ಶೇಬಾ ಬಳಿಯ ಮರುಭೂಮಿಯಲ್ಲಿ ನೆವಾತಿಂ ಎಂಬುದು ಅಂಥ ಒಂದು ಹಳ್ಳಿ. ತೆಂಗು, ಹಿನ್ನೀರು ಕಂಡವರು ಅಲ್ಲಿ ಕೋಳಿ ಸಾಕಿದರು, ಹೂ ಬೆಳೆದರು. ಹೆಂಗಸರು ಮಲಯಾಳದ ಹಾಡುಗಳನ್ನು ಬಿಡಲಿಲ್ಲ. ವಿದ್ವಾಂಸರು ಅವನ್ನು ಅವರ ನೋಟ್‌ಪುಸ್ತಕಗಳಿಂದ ಸಂಗ್ರಹಿಸಿದರು. ಊರಿನಲ್ಲಿದ್ದ ಮಾದರಿಯಲ್ಲಿಯೇ ಒಂದು ಸಿನಗಾಗನ್ನೂ ಕಟ್ಟಿಕೊಂಡರು. ಅತ್ತ ಕೇರಳದಲ್ಲಿ ಅವರು ಬಿಟ್ಟುಬಂದ ಸಿನಗಾಗುಗಳನ್ನು ಪ್ರವಾಸಿಗಳು ಕೊಡೆ ಹಿಡಿದುಕೊಂಡು ನೋಡಿಹೋಗುತ್ತಾರೆ. ಶೆಟ್ಟಿಹಳ್ಳಿಯಲ್ಲಿಯೂ ಅಷ್ಟೆ: ಗೋಡೆ ಒಂದು ಕಡೆ, ಬಾಳು ಇನ್ನೊಂದು ಕಡೆ.

ಹಾಗಾದರೆ ಈ ಒಕ್ಕಲುಗಳ ಪರಂಪರೆಯನ್ನು ಎಲ್ಲಿ ಹುಡುಕುವುದು? ಕಣ್ಣಿಗೆ ಬೀಳದ ಒಂದು ಜಾಗ ಹೇಳುತ್ತೇನೆ. ರೋಮಿನ ಚರ್ಚಿನ ಕಟ್ಟಳೆಯಂತೆ, ಹದಿನಾರನೆಯ ಶತಮಾನದ ಟ್ರೆಂಟ್ ಮಹಾಸಭೆಯ ಕಾಲದಿಂದ, ಪ್ರತಿ ಪಾದ್ರಿಯೂ ಮದುವೆ, ಜ್ಞಾನಸ್ನಾನಗಳನ್ನು ಪುಸ್ತಕದಲ್ಲಿ ಬರೆದಿಡಬೇಕು. ಸಾವುಗಳ ಪುಸ್ತಕವೂ ಆಮೇಲೆ ಸೇರಿತು. ಮಗುವಿನ ಹೆಸರು, ತಂದೆ ತಾಯಿಗಳ ಹೆಸರು, ಜ್ಞಾನತಂದೆ, ಜ್ಞಾನತಾಯಿಯರ ಹೆಸರು, ಊರು, ದಿನ. ಸರ್ಕಾರ ನಮ್ಮ ಹಳ್ಳಿಗಳ ತಲೆಯೆಣಿಕೆ ಮಾಡುವುದಕ್ಕೂ ಬಹಳ ಹಿಂದೆಯೇ ಹೀಗೆ ಬಡ ರೈತನ ಮಗುವಿನ ಹೆಸರು ಮಸಿಯಲ್ಲಿ ಬೀಳುತ್ತಿತ್ತು. ಅರಸರಿಗೆ ಶಾಸನವಿದೆ, ದೊರೆಗಳಿಗೆ ಪುಸ್ತಕವಿದೆ. ಒಕ್ಕಲಿಗೆ ಇರುವುದು ಈ ದಪ್ಪ ರಟ್ಟಿನ ಪುಸ್ತಕ. ಯಾವ ವರ್ಷ ಒಂದೇ ತಿಂಗಳಲ್ಲಿ ಸಾವುಗಳು ಹೆಚ್ಚಿದವು, ಯಾವ ಊರಿನಿಂದ ಹೆಣ್ಣು ತಂದರು ಎಂಬುದು ಅದರಿಂದ ತಿಳಿಯುತ್ತದೆ. 1877ರ ದೊಡ್ಡ ಬರದಂಥ ಕಾಲಗಳ ಕಥೆಯನ್ನು ಇಂಥ ಪುಸ್ತಕಗಳಷ್ಟು ನೇರವಾಗಿ ಹೇಳುವ ದಾಖಲೆ ಬೇರೊಂದಿಲ್ಲ. ಗೆದ್ದಲು, ತೇವ, ಮರೆವು ಇವು ಮೂರೂ ಅವಕ್ಕೆ ಶತ್ರು. 1963ರಲ್ಲಿ ಚಿಕ್ಕಮಗಳೂರು ಧರ್ಮಪ್ರಾಂತ ಬೇರೆಯಾದಾಗ ಹಾಸನ ಜಿಲ್ಲೆ ಮೈಸೂರಿನಿಂದ ಅದಕ್ಕೆ ಸೇರಿತು. ಸಂಶೋಧನೆ ಮಾಡಬಯಸುವ ಕಾಲೇಜಿನ ಹುಡುಗರು ಇದನ್ನು ನೆನಪಿನಲ್ಲಿಟ್ಟುಕೊಂಡು ವಿಚಾರಿಸುವುದು ಮೇಲು.

ನೀವು ಶೆಟ್ಟಿಹಳ್ಳಿಗೆ ಹೋಗುವಿರಾದರೆ, ಹಾಸನದಿಂದ ಇಪ್ಪತ್ತು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಮಳೆಗಾಲದಲ್ಲಿ ಹೋದರೆ ನೀರಿನ ನಡುವಿನ ಚಿತ್ರ ಸಿಗುತ್ತದೆ. ಮಾರ್ಚಿ, ಏಪ್ರಿಲಿನಲ್ಲಿ ಹೋದರೆ ಒಳಗೆ ನಡೆಯಬಹುದು, ಕಂಬಗಳ ಬುಡ ಕಾಣುತ್ತದೆ. ಗೋಡೆಗಳು ವರ್ಷಕ್ಕೆ ಒಮ್ಮೆ ನೆನೆದು ಒಮ್ಮೆ ಒಣಗಿ ಸಡಿಲವಾಗಿವೆ. ಮಕ್ಕಳನ್ನು ಅವುಗಳ ಬುಡದಲ್ಲಿ ನಿಲ್ಲಿಸಬೇಡಿ, ಮೇಲೆ ಹತ್ತಿಸಲೇಬೇಡಿ. ಹಿಂತಿರುಗುವಾಗ ದಾರಿಯ ಹಳ್ಳಿಗಳಲ್ಲಿ ವಯಸ್ಸಾದವರು ಸಿಕ್ಕರೆ ಚರ್ಚಿನ ವಿಷಯವನ್ನೇ ಕೇಳಬೇಡಿ. ಅದನ್ನು ಕೇಳಿ ಕೇಳಿ ಅವರಿಗೆ ಬೇಸರವಾಗಿರುತ್ತದೆ. ಮುಳುಗಿದ ಗದ್ದೆಗಳಿಗೆ ಏನೇನು ಹೆಸರಿತ್ತು, ಯಾವ ಬತ್ತ ಬಿತ್ತುತ್ತಿದ್ದರು, ಕಣ ಯಾವ ದಿಕ್ಕಿಗಿತ್ತು ಎಂದು ಕೇಳಿ, ಹೇಳಿದ್ದನ್ನು ಬರೆದುಕೊಳ್ಳಿ.